ಖಾಲಿ ಹಾಲ್‌ಗಳಿಂದ ಹುಟ್ಟಿದ ಲೀಗ್: ಎನ್‌ಬಿಎ ಶುರುವಾದದ್ದು 1946ರಲ್ಲೋ, 1949ರಲ್ಲೋ?

ಪ್ರಶ್ನೆ: ನಾನು ಗದಗ-ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಈಚೆಗೆ ಶಾಲೆಗಳ ನಡುವೆ ನಡೆದ ಕ್ರೀಡಾ ರಸಪ್ರಶ್ನೆಯಲ್ಲಿ ‘ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆರಂಭವಾದದ್ದು ಯಾವಾಗ?’ ಎಂದು ಕೇಳಿದರು. ನಮ್ಮ ಹುಡುಗಿ 1946 ಎಂದಳು. ಸರಿಯುತ್ತರ 1949 ಎಂದು ಹೇಳಿ ಅಂಕ ಕೊಡಲಿಲ್ಲ. ಯಾವುದು ಸರಿ? ಮೊದಲ ಋತುವಿನಲ್ಲಿ 60 ಪಂದ್ಯಗಳಲ್ಲಿ 49 ಗೆದ್ದ ತಂಡ ಚಾಂಪಿಯನ್ ಆಗಲಿಲ್ಲ, ಋತು ಮುಗಿದ ಕೂಡಲೇ ನಾಲ್ಕು ತಂಡಗಳು ಬಾಗಿಲು ಹಾಕಿದವು ಎಂದೂ ಓದಿದ್ದೇನೆ. ಹಾಗಾದರೆ ಲೀಗ್ ಉಳಿದದ್ದು ಹೇಗೆ? ಗದಗ, ಹಾವೇರಿ, ಹುಬ್ಬಳ್ಳಿ, ಧಾರವಾಡಗಳ ನಡುವೆ ಸಣ್ಣದೊಂದು ಲೀಗ್ ನಡೆಸುವ ಯೋಚನೆ ನಮ್ಮದು. ಆದ್ದರಿಂದ ಕೇಳುತ್ತಿದ್ದೇನೆ.

ಉತ್ತರ: ಮೊದಲು ಅಂಕದ ತಕರಾರು ಬಗೆಹರಿಸೋಣ. ನಿಮ್ಮ ಹುಡುಗಿ ಹೇಳಿದ್ದು ಸರಿ. ಆದರೆ ರಸಪ್ರಶ್ನೆ ನಡೆಸಿದವರೂ 1949 ಎಂಬುದನ್ನು ಗಾಳಿಯಿಂದ ಹಿಡಿದು ತಂದಿಲ್ಲ. 1946ರಲ್ಲಿ ಹುಟ್ಟಿದ ಲೀಗ್‌ನ ಹೆಸರು ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ, ಚುಟುಕಾಗಿ ಬಿಎಎ. ಅದು ಮೂರು ಋತು ಆಡಿದ ಮೇಲೆ 1949ರ ಆಗಸ್ಟ್ 3ರಂದು ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ (ಎನ್‌ಬಿಎಲ್) ಎಂಬ ಎದುರಾಳಿ ಲೀಗ್‌ನೊಡನೆ ಒಂದಾಯಿತು. ಆಗ ಬಂದ ಹೊಸ ಹೆಸರೇ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಎನ್‌ಬಿಎ. ಆದರೆ ಎನ್‌ಬಿಎ ತನ್ನ ವಯಸ್ಸನ್ನು ಎಣಿಸುವುದು ಬಿಎಎಯ ಮೊದಲ ದಿನದಿಂದಲೇ. 75ನೇ ವರ್ಷಾಚರಣೆಯನ್ನು ಅದು ನಡೆಸಿದ್ದು 2021–22ರಲ್ಲಿ. ಮಗುವಿನ ಹುಟ್ಟುಹಬ್ಬ ಯಾವಾಗ ಎಂದು ಕೇಳಿದರೆ ನಾಮಕರಣದ ದಿನ ಹೇಳಿದಂತಾಯಿತು ರಸಪ್ರಶ್ನೆಯವರ ಉತ್ತರ.

ಇಲ್ಲಿಗೆ ಬಿಡಬಹುದಿತ್ತು. ಆದರೆ ನೀವು ಲೀಗ್ ನಡೆಸುವ ಮಾತು ಎತ್ತಿದ್ದೀರಿ. ಆ ಮೊದಲ ಋತುವಿನ ಕಥೆ ಆಟಗಾರರಿಗಿಂತ ಹೆಚ್ಚಾಗಿ ಕಟ್ಟಡಗಳ ಕಥೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನೀವು ಗದಗಿನವರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ನಿಮ್ಮೂರಿನದು. ನಮ್ಮ ವೃತ್ತಿ ಕಂಪನಿಗಳ ಪಾಡು ನಿಮಗೆ ಗೊತ್ತು: ನಟರಿದ್ದರು, ಪರದೆಗಳಿದ್ದವು, ನಾಟಕಗಳಿದ್ದವು. ಊರೂರಿನಲ್ಲಿ ಮುಕ್ಕಾಂ ಮಾಡಲು ಜಾಗ ಹುಡುಕಬೇಕಿತ್ತು. ಅಮೆರಿಕದಲ್ಲಿ 1946ರಲ್ಲಿ ಆದದ್ದು ಇದರ ತಿರುವುಮುರುವು. ದೊಡ್ಡ ನಗರಗಳಲ್ಲಿ ಸಾವಿರಾರು ಜನ ಕೂರುವ ಭಾರಿ ಹಾಲ್‌ಗಳಿದ್ದವು, ಒಡೆಯರಿದ್ದರು, ಗಲ್ಲಾ ಪೆಟ್ಟಿಗೆಯೂ ಇತ್ತು. ಎಲ್ಲ ರಾತ್ರಿಗೂ ಸಾಲುವಷ್ಟು ಆಟ ಮಾತ್ರ ಇರಲಿಲ್ಲ. ಐಸ್ ಹಾಕಿ, ಬಾಕ್ಸಿಂಗ್, ಸರ್ಕಸ್, ಐಸ್ ಮೇಲಿನ ನೃತ್ಯ ಎಲ್ಲ ಮುಗಿದ ಮೇಲೂ ಎಷ್ಟೋ ರಾತ್ರಿ ಹಾಲ್ ಖಾಲಿ ಬಿದ್ದಿರುತ್ತಿತ್ತು. ಯುದ್ಧ ಮುಗಿದಿತ್ತು. ಸೈನಿಕರು ಮನೆಗೆ ಮರಳಿದ್ದರು, ಜನರ ಕೈಯಲ್ಲಿ ಕಾಸು ಆಡುತ್ತಿತ್ತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೆಡ್ ಐರಿಷ್ ಎಂಬಾತ 1934ರಿಂದಲೇ ಒಂದೇ ರಾತ್ರಿ ಎರಡೆರಡು ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯ ಇಟ್ಟು ಹಾಲ್ ತುಂಬಿಸಿ ತೋರಿಸಿದ್ದ. ಕಾಲೇಜು ಹುಡುಗರ ಆಟಕ್ಕೆ ಇಷ್ಟು ಜನ ಬಂದರೆ, ಕಾಲೇಜು ಮುಗಿಸಿದ ಅದೇ ಹುಡುಗರು ಸಂಬಳಕ್ಕೆ ಆಡಿದರೆ ಬಾರದೇ ಇರುತ್ತಾರೆಯೇ? ಲೆಕ್ಕಾಚಾರ ಇಷ್ಟೇ.

1946ರ ಜೂನ್ 6ರಂದು ನ್ಯೂಯಾರ್ಕಿನ ಕಮೊಡೋರ್ ಹೋಟೆಲಿನಲ್ಲಿ ಈ ಹಾಲ್ ಮಾಲೀಕರು ಸೇರಿದರು. ಬಾಸ್ಟನ್ ಗಾರ್ಡನ್‌ನ ವಾಲ್ಟರ್ ಬ್ರೌನ್, ಕ್ಲೀವ್‌ಲ್ಯಾಂಡ್ ಅರೀನಾದ ಅಲ್ ಸಟ್ಫಿನ್ ಅವರಲ್ಲಿ ಮುಂಚೂಣಿಯವರು. ಅಧ್ಯಕ್ಷರಾಗಿ ಆರಿಸಿದ್ದು ಮಾರಿಸ್ ಪೊಡೊಲೊಫ್ ಅವರನ್ನು. ಪೊಡೊಲೊಫ್ ವಕೀಲರು, ಅಮೆರಿಕನ್ ಹಾಕಿ ಲೀಗ್‌ನ ಅಧ್ಯಕ್ಷರೂ ಹೌದು. ಬ್ಯಾಸ್ಕೆಟ್‌ಬಾಲ್ ಅವರಿಗೆ ಅಷ್ಟಕ್ಕಷ್ಟೇ. ಆ ಹುದ್ದೆಯಲ್ಲಿ ಅವರು 1963ರವರೆಗೂ ಇದ್ದರು ಎಂಬುದು ಬೇರೆ ಮಾತು. ಮಾಲೀಕರ ಬಳಗದಲ್ಲಿ ಆಟದ ಒಳಹೊರಗು ಬಲ್ಲವರು ವಿರಳ. ಫಿಲಡೆಲ್ಫಿಯಾ ತಂಡವನ್ನು ನಡೆಸಲು ಬಂದ ಎಡ್ಡಿ ಗಾಟ್ಲೀಬ್ ಮಾತ್ರ ಅಪವಾದ. ಹಳೆಯ ವೃತ್ತಿಪರ ತಂಡಗಳ ಕಷ್ಟಸುಖ ಉಂಡು ಬೆಳೆದ ಮನುಷ್ಯ ಆತ. ಮೊದಲ ಋತುವಿನ ಕಪ್ ಯಾರ ಪಾಲಾಯಿತು ಎಂಬುದನ್ನು ಮುಂದೆ ನೋಡುವಿರಿ.

ತಂಡಗಳು ಹನ್ನೊಂದು. ಪೂರ್ವದಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್, ಫಿಲಡೆಲ್ಫಿಯಾ ವಾರಿಯರ್ಸ್, ನ್ಯೂಯಾರ್ಕ್ ನಿಕ್ಸ್, ಪ್ರಾವಿಡೆನ್ಸ್ ಸ್ಟೀಮ್‌ರೋಲರ್ಸ್, ಬಾಸ್ಟನ್ ಸೆಲ್ಟಿಕ್ಸ್, ಟೊರಾಂಟೊ ಹಸ್ಕೀಸ್. ಪಶ್ಚಿಮದಲ್ಲಿ ಶಿಕಾಗೊ ಸ್ಟ್ಯಾಗ್ಸ್, ಸೇಂಟ್ ಲೂಯಿಸ್ ಬಾಂಬರ್ಸ್, ಕ್ಲೀವ್‌ಲ್ಯಾಂಡ್ ರೆಬೆಲ್ಸ್, ಡೆಟ್ರಾಯಿಟ್ ಫಾಲ್ಕನ್ಸ್, ಪಿಟ್ಸ್‌ಬರ್ಗ್ ಐರನ್‌ಮೆನ್. ಒಂದು ತಂಡದ ಎಲ್ಲ ಆಟಗಾರರ ಸಂಬಳ ಸೇರಿ 55,000 ಡಾಲರ್ ದಾಟಬಾರದು ಎಂಬ ಮಿತಿಯನ್ನೂ ಹಾಕಿಕೊಂಡರು.

ಹಾಲ್ ಐಸ್ ಹಾಕಿಯದು ಎಂದೆನಲ್ಲ, ತೊಂದರೆ ಶುರುವಾದದ್ದು ಅಲ್ಲಿಂದಲೇ. ಹಾಕಿಗಾಗಿ ಕಟ್ಟಿದ ಮಂಜುಗಡ್ಡೆಯನ್ನು ಪ್ರತಿ ಸಲ ಕರಗಿಸುವಂತಿಲ್ಲ. ಅದರ ಮೇಲೆಯೇ ಹಲಗೆಗಳನ್ನು ಜೋಡಿಸಿ ಅಂಕಣ ಮಾಡುತ್ತಿದ್ದರು. ಕೆಳಗೆ ಮಂಜು, ಮೇಲೆ ಜನರ ಉಸಿರಿನ ಬಿಸಿ. ಹಲಗೆ ಬೆವರುತ್ತಿತ್ತು. ನೆಲ ಜಾರಿ ಪಂದ್ಯ ನಿಲ್ಲಿಸಬೇಕಾದ ಪ್ರಸಂಗಗಳೂ ಬಂದವು. ಪ್ರೇಕ್ಷಕರು ಕೋಟು ಬಿಚ್ಚುತ್ತಿರಲಿಲ್ಲ, ಬೆಂಚಿನಲ್ಲಿ ಕುಳಿತ ಆಟಗಾರರು ಕಂಬಳಿ ಹೊದ್ದಿರುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಧಾರವಾಡದ ಒಂದು ಆಗಸ್ಟ್ ನೆನಪಾಗುತ್ತದೆ. ಕಾಲೇಜೊಂದರ ಸಿಮೆಂಟ್ ಅಂಗಳದಲ್ಲಿ ಫೈನಲ್ ಪಂದ್ಯ, ಹೊರಗೆ ನಮ್ಮೂರಿನ ಪ್ರಸಿದ್ಧ ಜಿಟಿಜಿಟಿ ಮಳೆ. ಗೋಣಿಚೀಲ ಹಾಸಿ, ಒರೆಸಿ, ಹತ್ತು ನಿಮಿಷ ಆಡಿಸಿ, ಮತ್ತೆ ಗೋಣಿಚೀಲ ಹಾಸಿ ನಾಲ್ಕು ಗಂಟೆ ಕಳೆದೆವು. ಒಬ್ಬ ಒಳ್ಳೆಯ ಹುಡುಗನ ಮೊಣಕಾಲು ಹೋಯಿತು. ಆ ಪಂದ್ಯ ಗೆದ್ದವರು ಯಾರೆಂದು ಈಗ ನನಗೆ ನೆನಪಿಲ್ಲ. ಆ ಮೊಣಕಾಲು ನೆನಪಿದೆ.

ಮೊದಲ ಪಂದ್ಯ ನಡೆದದ್ದು ಅಮೆರಿಕದಲ್ಲಿ ಅಲ್ಲ, ಕೆನಡಾದಲ್ಲಿ. 1946ರ ನವೆಂಬರ್ 1, ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್, ಹಸ್ಕೀಸ್ ಮತ್ತು ನಿಕ್ಸ್ ಮುಖಾಮುಖಿ. ಬ್ಯಾಸ್ಕೆಟ್‌ಬಾಲನ್ನು 1891ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಕೆನಡಾದವರೇ. ಆದರೆ ಟೊರಾಂಟೊದ ಜನಕ್ಕೆ ಪ್ರಾಣ ಐಸ್ ಹಾಕಿ. ಜನರನ್ನು ಸೆಳೆಯಲು ಮಾಲೀಕರು ಒಂದು ಉಪಾಯ ಹೂಡಿದರು. ಹಸ್ಕೀಸ್ ತಂಡದ ಅತಿ ಎತ್ತರದ ಆಟಗಾರ ಜಾರ್ಜ್ ನೋಸ್ಟ್ರಾಂಡ್, 6 ಅಡಿ 8 ಅಂಗುಲ. ಅವನಿಗಿಂತ ಎತ್ತರದವರು ಯಾರೇ ಬಂದರೂ ಟಿಕೆಟ್ ಬೇಡ! ನಮ್ಮ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತಿದವರಿಗೆ ಬಹುಮಾನ ಸಾರಿದ ಹಾಗೆ. ಆ ರಾತ್ರಿ 7,090 ಜನ ಸೇರಿದ್ದರು.

ನಿಕ್ಸ್‌ನ ಆಸಿ ಶೆಕ್ಟ್‌ಮನ್ ಸಹ ಆಟಗಾರನಿಗೆ ಚೆಂಡು ಕೊಟ್ಟು, ಬುಟ್ಟಿಯತ್ತ ನುಗ್ಗಿ, ಮರಳಿ ಪಡೆದು ಎರಡೂ ಕೈಗಳಿಂದ ಕೆಳಗಿನಿಂದ ಮೇಲೆತ್ತಿ ಹಾಕಿದ ಲೇ-ಅಪ್ ಈ ಲೀಗ್‌ನ ಮೊದಲ ಬುಟ್ಟಿ. ಅದು ಚರಿತ್ರೆಯಾಗುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ. ಶೆಕ್ಟ್‌ಮನ್ ಈ ಲೀಗ್‌ನಲ್ಲಿ ಆಡಿದ್ದೇ ಅದೊಂದು ಋತು. ಅರ್ಧ ಆಟ ಮುಗಿದಾಗ ನಿಕ್ಸ್ 37–29ರಿಂದ ಮುಂದಿತ್ತು. ಟೊರಾಂಟೊದ ಆಟಗಾರ ಮತ್ತು ಕೋಚ್ ಎರಡೂ ಆಗಿದ್ದ ಎಡ್ ಸಡೋವ್ಸ್ಕಿ 18 ಅಂಕ ಗಳಿಸಿ, ಮೂರನೇ ಕ್ವಾರ್ಟರ್‌ನಲ್ಲಿಯೇ ಫೌಲ್‌ಗಳ ಮಿತಿ ದಾಟಿ ಹೊರಬಿದ್ದ. ಆದರೂ ಹಸ್ಕೀಸ್ ಸರಿಗಟ್ಟಿ, ಮುನ್ನಡೆಯನ್ನೂ ಪಡೆದು, ಕೊನೆಗೆ 66–68ರಿಂದ ಸೋತಿತು. ಆ ತಂಡದ ಗ್ರಹಚಾರವೇ ಹಾಗೆ. ಒಂದೇ ಋತುವಿನಲ್ಲಿ ನಾಲ್ವರು ಕೋಚ್‌ಗಳನ್ನು ಕಂಡಿತು. ಕೊನೆಯವರು ರೆಡ್ ರೋಲ್ಫ್. ಅವರು ಹೆಸರು ಮಾಡಿದ್ದು ಬೇಸ್‌ಬಾಲ್‌ನಲ್ಲಿ.

ನಾಲ್ಕು ದಿನ ಕಳೆದು, ನವೆಂಬರ್ 5ರಂದು, ಬಾಸ್ಟನ್‌ನಲ್ಲಿ ಆದದ್ದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸೆಲ್ಟಿಕ್ಸ್‌ನ ಮೊದಲ ತವರು ಪಂದ್ಯ. ಬಾಸ್ಟನ್ ಗಾರ್ಡನ್‌ನಲ್ಲಿ ಅಂದು ರೋಡಿಯೊ, ಅಂದರೆ ಕೌಬಾಯ್‌ಗಳು ಪುಂಡ ಕುದುರೆ, ಗೂಳಿ ಏರುವ ಪ್ರದರ್ಶನ ಇತ್ತು. ಬ್ಯಾಸ್ಕೆಟ್‌ಬಾಲ್‌ಗೆ ಸಿಕ್ಕಿದ್ದು ಹಳೆಯ ಬಾಸ್ಟನ್ ಅರೀನಾ. ಲೀಗ್ ಕಟ್ಟಿದ ವಾಲ್ಟರ್ ಬ್ರೌನ್‌ನ ಹಾಲ್‌ನಲ್ಲಿಯೇ ಅವನ ತಂಡಕ್ಕೆ ಜಾಗವಿಲ್ಲ! ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗ ಚಕ್ ಕಾನರ್ಸ್ ಎಸೆದ ಚೆಂಡು ರಿಂಗ್‌ಗೆ ಬಡಿಯಿತು. ಗಾಜಿನ ಬೋರ್ಡ್ ಚೂರುಚೂರಾಯಿತು. ರಿಂಗ್ ಮತ್ತು ಗಾಜಿನ ನಡುವೆ ಇರಬೇಕಿದ್ದ ರಬ್ಬರ್ ತುಂಡನ್ನು ಯಾರೋ ಹಾಕಿರಲಿಲ್ಲ. ಬದಲಿ ಬೋರ್ಡ್ ತರಲು ರೋಡಿಯೊ ನಡೆಯುತ್ತಿದ್ದ ಗಾರ್ಡನ್‌ಗೇ ಓಡಬೇಕಾಯಿತು. ಅದು ಬರುವವರೆಗೆ ಜನ ಕಾದು ಕುಳಿತರು. ಅಷ್ಟೆಲ್ಲ ಆಗಿ ಸೆಲ್ಟಿಕ್ಸ್ ಶಿಕಾಗೊಗೆ 55–57ರಿಂದ ಸೋತಿತು. ಈ ಕಾನರ್ಸ್ ಮುಂದೆ ನಟನಾಗಿ, ಟಿವಿಯಲ್ಲಿ ಬಂದೂಕು ಹಿಡಿದ ಕೌಬಾಯ್ ಪಾತ್ರದಿಂದಲೇ ಅಮೆರಿಕದ ಮನೆಮಾತಾದ. ಅಂದು ಯಾವ ಹಾಲ್‌ಗೆ ಸೇರಬೇಕಾದವನು ಯಾವ ಹಾಲ್‌ನಲ್ಲಿ ಇದ್ದನೋ!

ನ್ಯೂಯಾರ್ಕಿನಲ್ಲೂ ಇದೇ ಪಾಡು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಕಾಲೇಜು ಪಂದ್ಯಗಳೇ ಬಂಗಾರದ ಮೊಟ್ಟೆ. ಹಾಗಾಗಿ ನಿಕ್ಸ್ ತನ್ನ ತವರು ಪಂದ್ಯಗಳಲ್ಲಿ ಹೆಚ್ಚಿನವನ್ನು ಸೇನಾ ಕಟ್ಟಡವೊಂದರಲ್ಲಿ ಆಡಿತು. ಮಾಲೀಕರ ಕಣ್ಣಿನಲ್ಲಿ ಬ್ಯಾಸ್ಕೆಟ್‌ಬಾಲ್ ಖಾಲಿ ರಾತ್ರಿಗಳಿಗೆ ತುಂಬಿದ ಹೊಟ್ಟು. ಒಳ್ಳೆಯ ಗಿರಾಕಿ ಬಂದರೆ ಅದು ಜಾಗ ಖಾಲಿ ಮಾಡಬೇಕು.

ಇನ್ನು ಆಟ. ಕಾಲೇಜಿನಲ್ಲಿ 40 ನಿಮಿಷ ಇದ್ದುದನ್ನು ಇವರು 48 ಮಾಡಿದರು, ಹನ್ನೆರಡರಂತೆ ನಾಲ್ಕು ಕ್ವಾರ್ಟರ್. ಟಿಕೆಟ್ ಕೊಂಡವನಿಗೆ ಎರಡು ಗಂಟೆಯ ಮನರಂಜನೆ ಸಿಗಲಿ ಎಂಬ ಕಾರಣಕ್ಕೆ. ನಾವು ಆಡಿಸುವುದು ಹತ್ತರಂತೆ ನಾಲ್ಕು, ಅಂತರರಾಷ್ಟ್ರೀಯ ನಿಯಮದಂತೆ. ಎನ್‌ಬಿಎ ಇಂದಿಗೂ 48. 1947ರ ಜನವರಿಯಲ್ಲಿ, ಋತುವಿನ ನಡುವೆಯೇ, ಜೋನ್ ಡಿಫೆನ್ಸ್ ನಿಷೇಧಿಸಿದರು. ಐವರೂ ಬುಟ್ಟಿಯ ಸುತ್ತ ಕೋಟೆ ಕಟ್ಟಿ ನಿಂತರೆ ಆಟ ಮಂದವಾಗುತ್ತದೆ, ಜನ ಆಕಳಿಸುತ್ತಾರೆ. ಆದರೆ ನಿಜವಾದ ರೋಗಕ್ಕೆ ಮದ್ದು ಆಗ ಸಿಗಲಿಲ್ಲ. ಚೆಂಡು ಕೈಗೆ ಬಂದ ಮೇಲೆ ಇಷ್ಟು ಹೊತ್ತಿನಲ್ಲಿ ಎಸೆಯಲೇಬೇಕು ಎಂಬ ನಿಯಮವೇ ಇರಲಿಲ್ಲ. ಮುನ್ನಡೆ ಸಿಕ್ಕ ತಂಡ ಚೆಂಡನ್ನು ತನ್ನೊಳಗೇ ದಾಟಿಸುತ್ತ ಕಾಲ ತಳ್ಳಬಹುದಿತ್ತು. ಎಸೆದ ಚೆಂಡುಗಳಾದರೂ ಬೀಳುತ್ತಿದ್ದವೇ ಎಂದರೆ, ಅದೂ ಇಲ್ಲ. ಆ ಋತುವಿನಲ್ಲಿ ಒಂದು ತಂಡದ ಸರಾಸರಿ ಗಳಿಕೆ 70 ಅಂಕದ ಒಳಗೆ.

ಈ ಬರಗಾಲದಲ್ಲಿ ಮಳೆಯಂತೆ ಬಂದವನು ಫಿಲಡೆಲ್ಫಿಯಾದ ಜೋ ಫಲ್ಕ್ಸ್. ಕೆಂಟಕಿಯವನು, ಯುದ್ಧಕಾಲದಲ್ಲಿ ನೌಕಾ ಪದಾತಿ ಪಡೆಯಲ್ಲಿದ್ದವನು. ಉಳಿದವರು ಎರಡೂ ಕಾಲು ನೆಲಕ್ಕೂರಿ ಎಸೆಯುವಾಗ ಇವನು ನೆಗೆದು, ಗಾಳಿಯಲ್ಲಿ ತಿರುಗಿ, ಎರಡು ಕೈಯಲ್ಲೂ ಎಸೆಯಬಲ್ಲವನಾಗಿದ್ದ. ಒಟ್ಟು 1,389 ಅಂಕ, ಪಂದ್ಯಕ್ಕೆ ಸರಾಸರಿ 23.2. ಎರಡನೆಯ ಸ್ಥಾನದ ಬಾಬ್ ಫೀರಿಕ್ ಸರಾಸರಿ 16.8. ನಿಮ್ಮ ಹುಡುಗರಿಗೆ ಇನ್ನೊಂದು ಅಂಕಿ ಹೇಳಿ: ಫಲ್ಕ್ಸ್ 1,557 ಸಲ ಬುಟ್ಟಿಗೆ ಗುರಿಯಿಟ್ಟ, ಬಿದ್ದದ್ದು 475. ಅಂದರೆ ಹತ್ತಕ್ಕೆ ಮೂರು. ಇಂದಿನ ಲೆಕ್ಕದಲ್ಲಿ ಅವನನ್ನು ಬೆಂಚಿಗೆ ಕಳಿಸುತ್ತಾರೆ. ಆ ತಣ್ಣನೆಯ ಹಾಲ್‌ಗಳಲ್ಲಿ, ಬೆವರುವ ಹಲಗೆಯ ಮೇಲೆ ಅವನೇ ರಾಜ.

ಈಗ ನಿಮ್ಮ ಎರಡನೆಯ ಪ್ರಶ್ನೆ. 49 ಗೆದ್ದು 11 ಸೋತ ತಂಡ ವಾಷಿಂಗ್ಟನ್ ಕ್ಯಾಪಿಟಲ್ಸ್. ಕೋಚ್ ರೆಡ್ ಆವರ್‌ಬಾಕ್, 29ರ ಯುವಕ. ಮುಂದೆ ಬಾಸ್ಟನ್‌ಗೆ ಒಂಬತ್ತು ಚಾಂಪಿಯನ್‌ಷಿಪ್ ಗೆದ್ದುಕೊಟ್ಟ ಅದೇ ಆವರ್‌ಬಾಕ್. ತವರಿನಲ್ಲಿ ತಂಡದ ಲೆಕ್ಕ 29 ಗೆಲುವು, ಒಂದೇ ಸೋಲು. ಒಮ್ಮೆ ಸತತ 17 ಪಂದ್ಯ ಗೆದ್ದರು. ಇಷ್ಟಿದ್ದೂ ಎಡವಿದ್ದು ಪ್ಲೇ-ಆಫ್ ಪದ್ಧತಿಯ ವಿಚಿತ್ರದಿಂದ. ನಮ್ಮ ಐಪಿಎಲ್‌ನಲ್ಲಿ ಮೊದಲೆರಡು ತಂಡಗಳು ಮೊದಲ ಕ್ವಾಲಿಫೈಯರ್‌ನಲ್ಲಿ ಎದುರಾಗುತ್ತವೆ, ಸೋತವರಿಗೆ ಇನ್ನೊಂದು ಅವಕಾಶ ಉಂಟು. ಬಿಎಎ ಹಾಕಿಯ ಹಳೆಯ ರೂಢಿಯನ್ನು ಎತ್ತಿ ತಂದಿತ್ತು. ಪೂರ್ವದ ಅಗ್ರ ತಂಡವೂ ಪಶ್ಚಿಮದ ಅಗ್ರ ತಂಡವೂ ಸೆಮಿಫೈನಲ್‌ನಲ್ಲೇ ಏಳು ಪಂದ್ಯಗಳ ಸರಣಿ ಆಡಬೇಕು, ಸೋತವರು ಸೀದಾ ಮನೆಗೆ. ಇನ್ನೊಂದು ಬದಿಯಲ್ಲಿ ಎರಡನೆಯ, ಮೂರನೆಯ ಸ್ಥಾನದವರು ಮೂರು ಪಂದ್ಯಗಳ ಸಣ್ಣ ಸರಣಿಗಳಲ್ಲಿ ಸೆಣಸಿ ಒಬ್ಬರು ಫೈನಲ್‌ಗೆ ಬರಬೇಕು. ಹೀಗಾಗಿ ಲೀಗ್‌ನ ಎರಡು ಅತ್ಯುತ್ತಮ ತಂಡಗಳಲ್ಲಿ ಒಂದು ಫೈನಲ್ ತಲುಪುವಂತೆಯೇ ಇರಲಿಲ್ಲ. ಶಿಕಾಗೊ ಸ್ಟ್ಯಾಗ್ಸ್ ಮೊದಲೆರಡು ಪಂದ್ಯಗಳನ್ನು ವಾಷಿಂಗ್ಟನ್ ತಂಡದ ಅಂಗಳದಲ್ಲಿಯೇ ಗೆದ್ದು, ಸರಣಿಯನ್ನು 4–2ರಿಂದ ಮುಗಿಸಿತು. ಪದ್ಧತಿ ಕೆಟ್ಟದ್ದು, ನಿಜ. ಆದರೆ ತವರಿನ ಎರಡು ಸೋಲನ್ನು ಪದ್ಧತಿಯ ತಲೆಗೆ ಕಟ್ಟಲಾಗದು.

ಫಿಲಡೆಲ್ಫಿಯಾ 35 ಗೆದ್ದು 25 ಸೋತ ತಂಡ, ಪೂರ್ವದಲ್ಲಿ ಎರಡನೆಯದು, ವಾಷಿಂಗ್ಟನ್‌ಗಿಂತ 14 ಗೆಲುವು ಹಿಂದೆ. ಅದು ಸೇಂಟ್ ಲೂಯಿಸ್ ತಂಡವನ್ನು 2–1, ನಿಕ್ಸ್ ಅನ್ನು 2–0ರಿಂದ ದಾಟಿ ಫೈನಲ್‌ಗೆ ಬಂತು. ಫೈನಲ್‌ನ ಮೊದಲ ಪಂದ್ಯದಲ್ಲಿ ಫಲ್ಕ್ಸ್ ಒಬ್ಬನೇ 37 ಅಂಕ. 1947ರ ಏಪ್ರಿಲ್ 22ರಂದು ಐದನೇ ಪಂದ್ಯ: ಫಲ್ಕ್ಸ್ 34 ಅಂಕ ಗಳಿಸಿದ್ದ, ಆದರೆ ಕೊನೆಯ ಗಳಿಗೆಯ ನಿರ್ಣಾಯಕ ಬುಟ್ಟಿ ಅವನ ಸಹ ಆಟಗಾರ ಹಾವೀ ಡಾಲ್ಮಾರ್‌ನದು. 83–80, ಸರಣಿ 4–1. ಹಾಲ್ ಒಡೆಯರ ಲೀಗ್‌ನ ಮೊದಲ ಕಪ್, ಆಟ ಬಲ್ಲ ಗಾಟ್ಲೀಬ್‌ನ ಕೈಗೆ ಹೋಯಿತು. ನನಗೆ ಇದರಲ್ಲೊಂದು ಸಣ್ಣ ಸಂತೋಷವಿದೆ.

ಋತು ಮುಗಿದ ಮೇಲೆ ಟೊರಾಂಟೊ, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಪಿಟ್ಸ್‌ಬರ್ಗ್ ತಂಡಗಳು ಮುಚ್ಚಿದವು. ಬಾಲ್ಟಿಮೋರ್ ಬುಲೆಟ್ಸ್ ಎಂಬ ತಂಡವನ್ನು ಬೇರೊಂದು ಲೀಗ್‌ನಿಂದ ಕರೆತಂದು, ಎಂಟು ತಂಡಗಳೊಡನೆ, ಪಂದ್ಯಗಳನ್ನು 48ಕ್ಕೆ ಇಳಿಸಿ ಎರಡನೆಯ ಋತು ಸಾಗಿಸಿದರು. ಹಾಗೆ ಬಂದ ಬಾಲ್ಟಿಮೋರ್ ಆ ವರ್ಷ ಚಾಂಪಿಯನ್ ಆಯಿತು! ಮೂಲ ಲೀಗ್‌ನ ಮಟ್ಟದ ಬಗ್ಗೆ ಇದಕ್ಕಿಂತ ಕಟುವಾದ ಟೀಕೆ ಬೇಕಿಲ್ಲ.

ಏಕೆಂದರೆ ಉತ್ತಮ ಆಟಗಾರರು ಆಗ ಇದ್ದದ್ದು ಇನ್ನೊಂದು ಲೀಗ್‌ನಲ್ಲಿ. ಎನ್‌ಬಿಎಲ್ ಶುರುವಾದದ್ದು 1937ರಲ್ಲಿ. ಅದರ ತಂಡಗಳ ಊರುಗಳು ಶೆಬಾಯ್‌ಗನ್, ಆಷ್‌ಕಾಷ್, ಫೋರ್ಟ್ ವೇನ್, ಆಂಡರ್ಸನ್. ನಮ್ಮ ಗದಗ, ಹಾವೇರಿ, ರಾಣೆಬೆನ್ನೂರು ಎಂದಂತೆ. ಊರು ಚಿಕ್ಕದು, ಹಾಲ್ ಚಿಕ್ಕದು, ಆಟ ದೊಡ್ಡದು. ಆ ಕಾಲದ ದೊಡ್ಡ ತಾರೆ, 6 ಅಡಿ 10 ಅಂಗುಲದ ಜಾರ್ಜ್ ಮೈಕನ್ ಅಲ್ಲಿದ್ದ. ಆದರೆ ಚಿಕ್ಕ ಹಾಲ್‌ನ ಟಿಕೆಟ್ ಹಣದಲ್ಲಿ ದೊಡ್ಡ ಸಂಬಳ ಎಷ್ಟು ದಿನ ಕೊಡಲಾದೀತು? 1948ರಲ್ಲಿ ಪೊಡೊಲೊಫ್ ದೊಡ್ಡ ನಗರಗಳ ಹಾಲ್‌ಗಳ ಆಸೆ ತೋರಿಸಿ ಮಿನಿಯಾಪೊಲಿಸ್ ಲೇಕರ್ಸ್, ರಾಚೆಸ್ಟರ್, ಫೋರ್ಟ್ ವೇನ್, ಇಂಡಿಯಾನಾಪೊಲಿಸ್ ತಂಡಗಳನ್ನು ತನ್ನ ಕಡೆಗೆ ಎಳೆದುಕೊಂಡರು. ಮೈಕನ್ ಲೇಕರ್ಸ್‌ನಲ್ಲಿದ್ದ. ಅಲ್ಲಿಗೆ ಎನ್‌ಬಿಎಲ್‌ನ ಬೆನ್ನೆಲುಬು ಮುರಿಯಿತು. ಮರುವರ್ಷ ವಿಲೀನ, 17 ತಂಡಗಳು, ಹೊಸ ಹೆಸರು. ಗೆದ್ದವರು ಚರಿತ್ರೆ ಬರೆದರು. ಬಿಎಎಯ ಮೂರು ವರ್ಷಗಳ ಅಂಕಿಅಂಶ ಎನ್‌ಬಿಎ ದಾಖಲೆಯಲ್ಲಿದೆ, ಎನ್‌ಬಿಎಲ್‌ನ ಹನ್ನೆರಡು ವರ್ಷಗಳದ್ದು ಇಲ್ಲ.

ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮೊದಲ ಋತುವಿನ ಹನ್ನೊಂದು ತಂಡಗಳಲ್ಲಿ ಇಂದು ಉಳಿದಿರುವುದು ಮೂರು: ಸೆಲ್ಟಿಕ್ಸ್, ನಿಕ್ಸ್, ಮತ್ತು 1962ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ವಾರಿಯರ್ಸ್. ದಾಖಲೆಗೆ ಬಾರದ ಎನ್‌ಬಿಎಲ್‌ನಿಂದ ಬಂದು ಉಳಿದವು ಐದು: ಇಂದಿನ ಲೇಕರ್ಸ್, ಪಿಸ್ಟನ್ಸ್, ಕಿಂಗ್ಸ್, ಹಾಕ್ಸ್, ಸೆವೆಂಟಿಸಿಕ್ಸರ್ಸ್. ಚೆಂಡನ್ನು ಹಿಡಿದು ಕಾಲ ತಳ್ಳುವ ರೋಗ 1950ರ ನವೆಂಬರ್ 22ರಂದು ತುತ್ತತುದಿ ಮುಟ್ಟಿ, ಒಂದು ಪಂದ್ಯ 19–18ರಲ್ಲಿ ಮುಗಿದಿತ್ತು. ಅದಕ್ಕೆ ಮದ್ದು ತಂದವನೂ ಎನ್‌ಬಿಎಲ್‌ನಿಂದ ಬಂದ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್. ಬೋಲಿಂಗ್ ಆಟದ ಅಂಗಡಿ ನಡೆಸುತ್ತಿದ್ದವನು. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ, 48 ನಿಮಿಷಕ್ಕೆ 2,880 ಸೆಕೆಂಡು, ಭಾಗಿಸಿದರೆ 24. 1954ರಲ್ಲಿ ಬಂದ 24 ಸೆಕೆಂಡಿನ ಗಡಿಯಾರದ ಲೆಕ್ಕ ಇಷ್ಟು ಸರಳ. ಲೀಗ್ ಉಳಿಸಿಕೊಂಡದ್ದು ದೊಡ್ಡ ಹಾಲ್‌ಗಳು. ಆಟ ಉಳಿಸಿದ್ದು ಸಣ್ಣ ಊರಿನವರು.

ಮೊದಲ ಋತುವಿನ ಇನ್ನೊಂದು ಕೊರತೆಯನ್ನು ಮಕ್ಕಳಿಗೆ ಮುಚ್ಚಿಡಬೇಡಿ. ಹನ್ನೊಂದು ತಂಡಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. 1947ರಲ್ಲಿ ಜಪಾನಿ ಮೂಲದ ವ್ಯಾಟ್ ಮಿಸಾಕಾ ನಿಕ್ಸ್‌ಗಾಗಿ ಮೂರು ಪಂದ್ಯ ಆಡಿದ. ಕಪ್ಪು ಆಟಗಾರರಿಗೆ ಬಾಗಿಲು ತೆರೆದದ್ದು 1950ರಲ್ಲಿ, ಅರ್ಲ್ ಲಾಯ್ಡ್, ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್ ಅವರಿಂದ.

ನಿಮ್ಮ ಲೀಗ್ ಬಗ್ಗೆ ಎರಡೇ ಮಾತು. ನಾಲ್ಕು ಊರಿನಲ್ಲಿ ಜಾರದ ಅಂಗಣ ಎಲ್ಲೆಲ್ಲಿದೆ, ಯಾವ ಸಂಜೆ ಅದು ನಿಮಗೆ ಖಂಡಿತ ಸಿಗುತ್ತದೆ ಎಂಬುದನ್ನು ತಂಡ ಕಟ್ಟುವ ಮೊದಲೇ ಬರೆಸಿಕೊಳ್ಳಿ. ಮದುವೆ ಸೀಜನ್ನಿನಲ್ಲಿ ಶಾಲಾ ಮೈದಾನಗಳು ಯಾರ ಪಾಲಾಗುತ್ತವೆ ಎಂಬುದು ನಿಮಗೇ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಹೊರಾಂಗಣದಲ್ಲಿ ಪಂದ್ಯ ಇಡಬೇಡಿ, ಆ ತಿಂಗಳುಗಳಲ್ಲಿ ಗದಗಿನಲ್ಲಿ ಆಡಿಸಿ. ಅಗ್ರಸ್ಥಾನದ ಎರಡು ತಂಡಗಳನ್ನು ಸೆಮಿಫೈನಲ್‌ನಲ್ಲಿ ಎದುರುಬದುರು ನಿಲ್ಲಿಸಬೇಡಿ. ಬೋರ್ಡ್‌ನ ರಬ್ಬರನ್ನು ಪಂದ್ಯದ ಹಿಂದಿನ ದಿನ ನೀವೇ ಕೈಯಾರೆ ನೋಡಿ.

ರಸಪ್ರಶ್ನೆಯವರಿಗೆ ಹೇಳಿ: ‘ಎನ್‌ಬಿಎ ಎಂಬ ಹೆಸರು ಬಂದದ್ದು ಯಾವಾಗ?’ ಎಂದು ಕೇಳಿದ್ದರೆ 1949 ಸರಿ. ‘ಮೊದಲ ಪಂದ್ಯ ಯಾವಾಗ?’ ಎಂದರೆ 1946ರ ನವೆಂಬರ್ 1. ಅಂಕ ಸಿಗದಿದ್ದರೂ, ಮೊದಲ ಬುಟ್ಟಿ ಯಾರದು ಎಂದು ನಿಮ್ಮ ಹುಡುಗಿ ಅವರನ್ನೇ ತಿರುಗಿ ಕೇಳಲಿ.